ಕನ್ನಿ ಹಾಕದ ಕುತ್ತಿಗೆ

ಕೂನೂರಿನ ಹತ್ತಿರದ ಹುಬ್ಬತಲೈ ಹಟ್ಟಿಯ ವಸಂತಾಮಣಿಗೆ ಮೂರನೆಯ ಬಸಿರು ಹೋದದ್ದು ಟೀ ತೋಟದ ಮೇಲಿನ ಸಾಲಿನಲ್ಲಿ, ಎಲೆ ಕೀಳುತ್ತಿರುವಾಗ. ವಾರ ಕಳೆಯುವ ಮೊದಲೇ ಅವಳು ಅದೇ ಸಾಲಿಗೆ ಮರಳಿದ್ದಳು. ಎಲೆಯ ಮೂಟೆ, ನೀರಿನ ಕೊಡ ಅಂತ ಭಾರ ಹೊತ್ತದ್ದಕ್ಕೇ ಹೀಗಾಯಿತು ಎಂದು ಅವಳ ಅತ್ತೆ, ಹಾಲಿ ಎಂಬವಳು, ಹಟ್ಟಿಯಲ್ಲೆಲ್ಲ ಹೇಳಿದಳು. ಭಾರ ಇಳಿಸಿಕೊಳ್ಳಲು ಮಾತ್ರ ಯಾರೂ ಬರಲಿಲ್ಲ.

ಹಾಲಿ ಬೇರೆಯವಳಲ್ಲ, ವಸಂತಾಮಣಿಯ ಅಪ್ಪನ ಸ್ವಂತ ತಂಗಿ. ಗಂಡ ರಮೇಶ ಅವಳ ಮಗ. ಮದುವೆಯಲ್ಲಿ ತಾಳಿ ಕಟ್ಟಿಯಾಗಿತ್ತು. ಆದರೆ ಬಡಗರ ಹಳೆಯ ಪದ್ಧತಿಯಲ್ಲಿ ಮೊದಲ ಬಸಿರಿಗೆ ಏಳು ತಿಂಗಳಾದಾಗ ಗಂಡ ಹೆಂಡತಿಯ ಕುತ್ತಿಗೆಗೆ ಕನ್ನಿ ಎಂಬ ನೂಲು ಹಾಕಬೇಕು. ಆಗಲೇ ಮದುವೆ ಪೂರ್ತಿ. ವಸಂತಾಮಣಿಯ ಬಸಿರು ಒಂದೂ ನಾಲ್ಕು ತಿಂಗಳು ದಾಟಿರಲಿಲ್ಲ.

"ಕನ್ನಿ ಇಲ್ಲದ್ದು ಮದುವೆಯಾ?" ಎಂದಳು ಹಾಲಿ, ಅವರೆಕಾಯಿ ಬಿಡಿಸುತ್ತ. "ನೀ ಅಪ್ಪನ ಹಟ್ಟಿಗ ಹೋಗು. ರಮೇಶನಿಗ ರಂಜಿತಾನ ತರುವೆ. ಹೊರಗಿನವಳೇನು? ನಿನ್ನ ತಂಗಿಯೇ."

"ಕನ್ನಿ ಇಲ್ಲದಿದ್ದರ ನಾನೇ ಎದ್ದು ಹೋಗಬಹುದು ಮಾಮಿ. ನೀವು ಕಳಿಸಬೇಕಾಗಿಲ್ಲ."

ಹಾಲಿಯ ಕೈ ನಿಂತಿತು. ನಾಳೆ ಎಲೆ ಕೀಳುವ ದಿನ, ಇವಳಿಲ್ಲದೆ ಕೀಳುವವರಾರು?

ಆ ಸಂಜೆ ವಸಂತಾಮಣಿ ಗಂಡನಿಗೆ ಒಂದೇ ಮಾತು ಹೇಳಿದಳು: ಕೊಯಮತ್ತೂರಿನ ಡಾಕ್ಟರಮ್ಮನ ಹತ್ತಿರ ಇಬ್ಬರೂ ಪರೀಕ್ಷೆಗೆ ರಕ್ತ ಕೊಡಬೇಕು, ಇಲ್ಲವಾದರೆ ತಾನು ಹೊರಟೆ.

"ಎನ್ನ ರಕ್ತ ಏತಕ್ಕ? ಹೋದದ್ದು ನಿನಗ ತಾನೇ?"

"ಕೂಸಲ್ಲಿ ಅರ್ಧ ನಿನ್ನದು. ಹೋದಾಗ ಮಾತ್ರ ಪೂರ್ತಿ ಎನ್ನದಾ?"

ರಮೇಶ ಬಂದ. ಎರಡನೆಯ ಸಲ ಹೋದಾಗ ಡಾಕ್ಟರಮ್ಮ ವರದಿ ಓದಿ, "ನೀವಿಬ್ಬರೂ ಸಂಬಂಧಿಕರಾ?" ಎಂದು ಕೇಳಿದರು. ಹೌದು ಎಂದಾಗ ನಿಧಾನವಾಗಿ ವಿವರಿಸಿದರು. ಮೈಯನ್ನು ರೋಗದಿಂದ ಕಾಯಲು ಕೆಲವು ಜೀನುಗಳಿವೆ, ಅವು ಒಬ್ಬೊಬ್ಬರಲ್ಲಿ ಒಂದೊಂದು ಥರ. ಬಸಿರಿನಲ್ಲಿ ಅಪ್ಪನ ಅರ್ಧವನ್ನು ತಾಯಿಯ ಮೈ ಬೇರೆಯದೆಂದು ಗುರುತಿಸಿದರೇನೇ ಅದನ್ನು ಕಾಪಾಡಲು ಸಜ್ಜಾಗುತ್ತದೆ ಎಂದು ಕೆಲವರ ಅಭಿಪ್ರಾಯ. ಇವರಿಬ್ಬರ ಆ ಜೀನುಗಳಲ್ಲಿ ಹೆಚ್ಚಿನವು ಒಂದೇ ಥರ. ಇದೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಇದಕ್ಕೆಂದು ನಂಬಬಹುದಾದ ಮದ್ದೂ ಇಲ್ಲ. ಮೂರು ಹೋದವರಿಗೂ ನಾಲ್ಕನೆಯದು ನಿಲ್ಲುವುದುಂಟು.

"ಇವಳ ತಂಗಿಯಾಗಿದ್ದರ?" ರಮೇಶ ಕೇಳಿದ. ವಸಂತಾಮಣಿ ಅವನ ಮುಖ ನೋಡಿದಳು.

"ಅಕ್ಕತಂಗಿ ಒಂದೇ ಮನೆಯವರಲ್ಲವಾ? ಅಲ್ಲೂ ಹೀಗೇ ಇರಬಹುದು" ಎಂದರು ಡಾಕ್ಟರಮ್ಮ.

ಮನೆಯಲ್ಲಿ ಅದನ್ನು ಹೇಳಿದವನು ರಮೇಶನೇ. ಹಾಲಿ ಒಲೆಯ ಸೌದೆಯನ್ನು ಮುಂದೆ ತಳ್ಳಿದಳು. "ನಿನಗ ಮುಂಚೆ ಎನಗೂ ಎರಡು ಹೋಗಿತ್ತು" ಎಂದಳು ಮಗನಿಗೆ. "ನಾನೂ ಮಾಮನ ಮಗನಿಗೇ ಬಂದವಳು. ಎನ್ನ ಮಾಮಿಯೂ ಭಾರ ಹೊತ್ತೆ ಅಂದಿದ್ದಳು." ಆಮೇಲೆ ಸೊಸೆಯ ಕಡೆ ತಿರುಗಿ, "ಹಿರಿಯರ ಕೇಳಿ ಈಗಲೇ ಕನ್ನಿ ಹಾಕಿಸಿಬಿಡಲಾ?" ಎಂದಳು.

"ನೂಲು ಇರಲಿ ಮಾಮಿ. ಮೊದಲು ನೀರು ಯಾರು ತರೋದು, ಅದ ಹೇಳಿ."

ರಂಜಿತಾ ಕೂನೂರಿನಲ್ಲಿ ಟೈಪಿಂಗ್ ಕಲಿಯುವುದನ್ನು ಮುಂದುವರಿಸಿದಳು. ಅವಳನ್ನು ತರುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಬೆಳಿಗ್ಗೆ ಹಟ್ಟಿಯ ನಲ್ಲಿಯ ಹತ್ತಿರ ಹೆಂಗಸರ ಸಾಲಿನಲ್ಲಿ ಕೊಡ ಹಿಡಿದು ನಿಂತ ರಮೇಶನನ್ನು ಕಂಡು ಪಕ್ಕದ ಮನೆಯ ಮಹಾಲಿಂಗಂ ಬಾಯಿಂದ ಬೀಡಿ ತೆಗೆದು ನಕ್ಕ.

"ಏನ ರಮೇಶಾ, ಕನ್ನಿ ನಿನಗೇ ಹಾಕಿದರಾ?"

"ಇನ್ನೂ ಇಲ್ಲ" ಎಂದು ರಮೇಶ ಕೊಡವನ್ನು ನಲ್ಲಿಯ ಕೆಳಗೆ ಸರಿಸಿದ.