ಬಾಯಿಂದ ಊದಿದ ಭೋಂಗಾ

ತಪ್ಪು ನನ್ನದೇ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ರಜೆಯ ತರಬೇತಿ ಕೇಳಲು ಧಾರವಾಡದ ಕಾಲೇಜಿನಿಂದ ಮಾಮಾನ ಮನೆಗೆ ಬಂದಿದ್ದೆ. ಫೋರ್‌ಮನ್ ಸಾಹೇಬರ ಮುಂದೆ ಆಡಬೇಕಾದ ಮಾತನ್ನು ಬಾಯಿಪಾಠ ಮಾಡುವುದು ಬಿಟ್ಟು, ಬೂಟಿಗೆ ಪಾಲಿಶ್ ಹಚ್ಚುತ್ತ, ಪಾಳಿಗೆ ಕರೆಯುವ ಗಿರಣಿಯ ಸೈರನ್ನು, ಆ ಭೋಂಗಾವನ್ನು, ಬಾಯಿಂದಲೇ ಅಣಕಿಸಿ ಊದಿದೆ.

ಅತ್ತೆ ಗಡಬಡಿಸಿ ಮಾಮಾನ ಬುತ್ತಿ ಕಟ್ಟತೊಡಗಿದಳು. ಪಕ್ಕದ ಮನೆಯವರು ಅರ್ಧ ಬೋಳಿಸಿದ ಗಡ್ಡದ ನೊರೆಯಲ್ಲೇ ಸೈಕಲ್ ಹತ್ತಿದರು. ನನ್ನನ್ನು ತರಬೇತಿಗೆ ಆರಿಸಬೇಕಾದ ಫೋರ್‌ಮನ್ ಅವರೇ.

"ಭೋಂಗಾ ಅಲ್ಲರೀ ಸಾಹೇಬರ, ಊದಿದ್ದು ನಾನರೀ," ಎಂದೆ. ತರಬೇತಿ ಕೈತಪ್ಪಿತೆಂದುಕೊಂಡೇ ಓಡಿ ಅವರ ಸೈಕಲ್ಲಿಗೆ ಅಡ್ಡ ನಿಂತಿದ್ದೆ.

ಅವರು ಸೈಕಲ್ ಇಳಿದು, ಹೆಗಲ ಮೇಲಿನ ಟವೆಲ್ಲಿನಿಂದ ನೊರೆ ಒರೆಸಿಕೊಂಡರು. ಎಲ್ಲರ ದನಿಯನ್ನೂ ಅಣಕಿಸುವ ನನಗೆ ಆಗ ಅವರು ಮಾತಾಡಿದ ತಣ್ಣನೆಯ ದನಿ ಇನ್ನೂ ಒಲಿದಿಲ್ಲ:

"ಊದೂದು ಚಲೋ ಕಲ್ತೀಯಪಾ. ನಾಳಿಂದ ಖರೇ ಭೋಂಗಾ ಊದಿದ ಕೂಡಲೇ ಗಿರಣಿಗೆ ಓಡಿ ಬರೂದು ಕಲಿ."