ರಿತ್ವಾ ಕಲಿಸಿದ ಬಟ್ಟೆಯ ಕೋಣೆ

ಕಾಪುವಿನ ಗ್ಲ್ಯಾಡಿಸ್ ಸಾಲಿನ್ಸ್ ಅವರಿಗೆ ಈಗ ಅರುವತ್ತೆಂಟು. ಪೇಟೆಯಲ್ಲಿದ್ದ ತಮ್ಮ ಹೊಲಿಗೆ ಅಂಗಡಿ ಮುಚ್ಚಿ ಆರು ವರ್ಷವಾಯಿತು. ಆದರೂ ಯಾರಾದರೂ ಫಿನ್‌ಲ್ಯಾಂಡ್ ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಾರೆ. ಅವರು ಹೇಳುವುದು ಹಿಮದ ಮಾತಲ್ಲ, ವಿಮಾನದ ಮಾತೂ ಅಲ್ಲ. ಹಳೆ ಬಟ್ಟೆಯ ಒಂದು ಕೋಣೆಯ ಮಾತು.

ಹದಿನಾಲ್ಕು ವರ್ಷದ ಹಿಂದೆ ಅಲ್ಲಿನ ಲೂಥರನ್ ಕ್ರೈಸ್ತ ಸಭೆಯವರು, ತಮ್ಮ ಸೇವಾಕೆಲಸ ನೋಡಿ ಕಲಿಯಲು ಇಲ್ಲಿಂದ ಒಬ್ಬರನ್ನು ಕರೆದಿದ್ದರು. ಕಾಪುವಿನ ಚರ್ಚಿನ ಸಭಾಪಾಲಕರು ಗ್ಲ್ಯಾಡಿಸ್ ಹೆಸರು ಕೊಟ್ಟರು. “ನನ್ನ ಇಂಗ್ಲಿಷ್ ಅಳತೆ ಟೇಪಿನಷ್ಟೇ ಉದ್ದ ಉಂಟು ಅಯ್ಯನವರೇ” ಎಂದರೂ ಕೇಳಲಿಲ್ಲ.

ಅಲ್ಲಿ ಅವರನ್ನು ಒಪ್ಪಿಸಿದ್ದು ಚರ್ಚಿನ ಪರವಾಗಿ ಬಡವರ ಕಷ್ಟಸುಖ ನೋಡಿಕೊಳ್ಳುವ ರಿತ್ವಾ ಎಂಬ ಸೇವಾಕರ್ತೆಗೆ. ಉದ್ದನೆಯ, ಮಿತಮಾತಿನ ಹೆಂಗಸು. ದಾನ ಬಂದ ಬಟ್ಟೆಯನ್ನು ರಿತ್ವಾ ನೇರ ಹಂಚುತ್ತಿರಲಿಲ್ಲ. ಒಗೆದು, ಬಟನ್ ಹಾಕಿ, ಇಸ್ತ್ರಿ ಮಾಡಿ, ಅಂಗಡಿಯಲ್ಲಿ ತೂಗುಹಾಕುವ ಹಾಗೆ ಸಾಲಾಗಿ ತೂಗುಹಾಕುತ್ತಿದ್ದಳು. ಗೋಡೆಗೆ ಆಳೆತ್ತರದ ಕನ್ನಡಿ. ಬೇಕಾದವರು ಬಂದು ಆರಿಸಿಕೊಳ್ಳಬೇಕು. ಒಮ್ಮೆ, ಕೆಲಸ ಕಳೆದುಕೊಂಡ ಒಬ್ಬ ಕೋಟು ಹಾಕಿಕೊಳ್ಳುತ್ತಿದ್ದಾಗ ರಿತ್ವಾ ಮೆಲ್ಲನೆ ಬೆನ್ನು ತಿರುಗಿಸಿ ನಿಂತಳು. ಯಾಕೆಂದು ಕೇಳಿದರೆ, “ಕೊಟ್ಟವರು ನೋಡುತ್ತಾ ನಿಂತರೆ ಅವನು ಬೇಡ ಅನ್ನುವುದು ಹೇಗೆ?” ಎಂದಳು.

ಗ್ಲ್ಯಾಡಿಸ್‌ಗೆ ಥಟ್ಟನೆ ತನ್ನ ಎಂಟನೆಯ ವಯಸ್ಸು ನೆನಪಾಯಿತು. ಕ್ರಿಸ್ಮಸ್‌ಗೆ ಯಾರೋ ಕೊಟ್ಟ ನೀಲಿ ಫ್ರಾಕು ಹಾಕಿಕೊಂಡು ಸಂಡೆಸ್ಕೂಲಿಗೆ ಹೋದಾಗ, “ಅದು ನನ್ನದು!” ಎಂದು ಒಬ್ಬಳು ಎಲ್ಲರೆದುರು ಕೂಗಿದ್ದಳು. ಆ ಫ್ರಾಕನ್ನು ಅವರು ಮತ್ತೆ ಮುಟ್ಟಿರಲಿಲ್ಲ. ಆ ದಿನ ರಿತ್ವಾಳ ಕೋಣೆಯಲ್ಲಿ, ಬಟನ್ ಹೊಲಿಯುತ್ತಲೇ, ಗ್ಲ್ಯಾಡಿಸ್ ಅತ್ತುಬಿಟ್ಟರು.

ಊರಿಗೆ ಬಂದವರೇ ಚರ್ಚಿನ ಹಿಂದಿನ ಪಾಳು ಕೋಣೆ ಕೇಳಿ ಪಡೆದು, ದಾನ ಬಂದ ಬಟ್ಟೆ ಒಗೆದು ಸಾಲಾಗಿ ತೂಗುಹಾಕಿದರು. ತನ್ನ ಮದುವೆಯ ಕಪಾಟಿನ ಕನ್ನಡಿ ಬಿಚ್ಚಿ ಗೋಡೆಗೆ ಹೊಡೆಸಿದರು.

“ಪುಕ್ಕಟೆ ಬಟ್ಟೆಗೆ ಕನ್ನಡಿ ಎಂತಕ್ಕೆ ಗ್ಲ್ಯಾಡಿಸಕ್ಕ?” ಎಂದು ಸಭೆಯ ಕಾರ್ಯದರ್ಶಿ ಎಡ್ವಿನ್ ನಕ್ಕರು.

“ನೀವು ಕನ್ನಡಿ ನೋಡದೆ ಚರ್ಚಿಗೆ ಬರ್ತೀರಾ?” ಎಂದರು ಗ್ಲ್ಯಾಡಿಸ್.

ಎರಡು ತಿಂಗಳು ಒಂದು ನರಪಿಳ್ಳೆಯೂ ಬರಲಿಲ್ಲ. ಆ ಮಳೆಗಾಲ ತೋಡು ಉಕ್ಕಿ ಉಚ್ಚಿಲದ ಕಡೆ ಮನೆಗಳಿಗೆ ನೀರು ನುಗ್ಗಿತು. ಆಮೇಲೆ ಒಂದು ಶನಿವಾರ, ಕೆಂಪುಕಲ್ಲು ಕಡಿಯುವ ಚೆನ್ನಪ್ಪ ಬಾಗಿಲಲ್ಲಿ ನಿಂತ. ಮಗಳ ನಿಶ್ಚಿತಾರ್ಥಕ್ಕೆ ನಾಲ್ಕು ದಿನವಿತ್ತು. ಕಪಾಟಿನ ಬಟ್ಟೆಯೆಲ್ಲ ಕೆಸರು. ತುಂಬ ಹೊತ್ತು ಹುಡುಕಿ ಒಂದು ಬಿಳಿ ಅಂಗಿ ತೊಟ್ಟುಕೊಂಡ. ಗ್ಲ್ಯಾಡಿಸ್ ಕಲಿತ ಪಾಠದಂತೆ ಬೆನ್ನು ತಿರುಗಿಸಿ ಕಿಟಕಿ ನೋಡುತ್ತಾ ನಿಂತರು.

ಹಿಂದಿನಿಂದ ಸಣ್ಣ ದನಿ ಬಂತು: “ಟೈಲರಕ್ಕ, ನನ್ನ ಮೇಲೆ ಕೋಪ ಉಂಟಾ?”

“ಇಲ್ಲ ಮಾರಾಯ! ಎಂತಕ್ಕೆ?”

“ಮತ್ತೆ ಮುಖ ತಿರುಗಿಸಿದ್ದು? ಇದು ನನಗೆ ಒಪ್ತದಾ ಹೇಳಿ. ಮನೆಯಲ್ಲಿ ಹೇಳುವವಳು ತೀರಿಹೋದಳು.”

ಗ್ಲ್ಯಾಡಿಸ್ ತಿರುಗಿದರು. ಅಂಗಿಯ ಭುಜ ಇಳಿದಿತ್ತು, ತೋಳು ಉದ್ದವಿತ್ತು. ಗುಂಡುಸೂಜಿ ಚುಚ್ಚಿ, ಅಲ್ಲೇ ಕೂತು ಸರಿಮಾಡಿಕೊಟ್ಟರು. ಚೆನ್ನಪ್ಪ ಕನ್ನಡಿಯ ಮುಂದೆ ಎರಡು ಸಲ ತಿರುಗಿ, ತಲೆ ಬಾಚಿಕೊಂಡು ಹೋದ. ಮುಂದಿನ ಶನಿವಾರ ಅವನ ಕೇರಿಯ ಏಳು ಮಂದಿ ಬಂದರು.

ನಡೆದುದನ್ನು ಗ್ಲ್ಯಾಡಿಸ್ ರಿತ್ವಾಳಿಗೆ ಕಾಗದದಲ್ಲಿ ಬರೆದರು: ನಮ್ಮಲ್ಲಿ ನೋಡದಿದ್ದರೂ ಬೇಸರ, ನೋಡಿದರೂ ಬೇಸರ, ಕೇಳಿದಾಗ ತಿರುಗಬೇಕು. ರಿತ್ವಾಳಿಂದ ಉತ್ತರ ಬಂತು. ತಾನೂ ಹಾಗೆ ಮಾಡಿ ನೋಡಿದೆ, ಕೋಟು ತೊಟ್ಟ ಒಬ್ಬನಿಗೆ “ಚೆನ್ನಾಗಿ ಕಾಣುತ್ತೀರಿ” ಎಂದೊಡನೆ ಅವನು ನಾಚಿ ಕೆಂಪಾಗಿ ಟೋಪಿ ಬಿಟ್ಟು ಓಡಿದ, ಮರುದಿನ ಟೋಪಿಗೆಂದು ಬಂದವನು ಕಾಫಿ ಕುಡಿದು ಹೋದ ಎಂದು ಬರೆದಿದ್ದಳು.

ರಿತ್ವಾ ಹೋದ ವರ್ಷ ತೀರಿಕೊಂಡಳು. ಕಾಪುವಿನ ಕೋಣೆ ಈಗಲೂ ಶನಿವಾರ ತೆರೆಯುತ್ತದೆ. ಹೊಸದಾಗಿ ಸೇರಿದ ಫಿಯೋನಾಗೆ ಗ್ಲ್ಯಾಡಿಸ್ ಮೊದಲು ಕಲಿಸಿದ್ದು ಬಟನ್ ಹಾಕುವುದನ್ನು. ಕಲಿಸುತ್ತಾ, ರಿತ್ವಾಳ ಆ ದೂರದ ಕೋಣೆಯಲ್ಲಿ ಒಗೆದ ಕೋಟುಗಳ ಒದ್ದೆ ಉಣ್ಣೆಯ ವಾಸನೆ ಹೇಗಿತ್ತು ಎಂದು ಹೇಳಹೊರಟು, ಅರ್ಧಕ್ಕೇ ಬಿಟ್ಟು, ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟರು.