ಡೇರೆಯ ಬಾಗಿಲಲ್ಲಿ ಬಿಟ್ಟ ಶೂ

ಜರ್ಮನಿಯಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ನನ್ನದೊಂದು ಪುಕ್ಕಟೆ ಸಲಹೆ: ಮಾಲೀಕನ ಮುಂದೆ ಸಂಬಳದ ಚೀಟಿ ಆಮೇಲೆ ಹಿಡಿಯಿರಿ, ಮೊದಲು ಆ ಮನುಷ್ಯನಿಗೆ ಯಾವುದರ ಹುಚ್ಚಿದೆ ಎಂದು ಪತ್ತೆ ಹಚ್ಚಿ. ಹುಚ್ಚಿಲ್ಲದ ಮಾಲೀಕನನ್ನು ನಾನಂತೂ ಕಂಡಿಲ್ಲ. ಒಬ್ಬನಿಗೆ ಆಟಿಕೆ ರೈಲು, ಇನ್ನೊಬ್ಬನಿಗೆ ಪಾಪಾಸುಕಳ್ಳಿ. ನನ್ನ ಪಾಲಿಗೆ ಬಂದವನಿಗೆ ಟರ್ಕಿ ಕೋಳಿ.

ಜರ್ಮನ್ ಸರಕಾರ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಕಂಪ್ಯೂಟರ್ ಕೆಲಸಕ್ಕೆಂದು ನಾವೆಲ್ಲ ಬಂದಿಳಿದ ವರ್ಷಗಳವು. ನ್ಯೂರೆಂಬರ್ಗಿನಲ್ಲಿ ಬಾಗಲಕೋಟೆಯ ದೋಸ್ತನೊಬ್ಬನ ಜೊತೆ ಒಂದೇ ಕೋಣೆಯಲ್ಲಿದ್ದೆ. ಹೆಂಡತಿ ವಿಜಾಪುರದಲ್ಲಿ. ಅವಳ ವೀಸಾ ಆಗಬೇಕಾದರೆ ಇಬ್ಬರಿಗೆ ಸಾಲುವಂಥ ಮನೆಯ ಕರಾರುಪತ್ರ ತೋರಿಸಬೇಕು, ಅದೂ ಏಪ್ರಿಲ್ ಮುಗಿಯುವುದರೊಳಗೆ. ಇಲ್ಲದಿದ್ದರೆ ಅರ್ಜಿ ಮತ್ತೆ ಮೊದಲಿನಿಂದ. ಒಂಬತ್ತು ಮನೆ ನೋಡಿದ್ದೆ. ಒಂಬತ್ತೂ ಕಡೆ ನಗುಮುಖ, ಕೈಕುಲುಕು, ಮೂರು ದಿನಕ್ಕೆ ‘ಕ್ಷಮಿಸಿ’ ಎಂಬ ಕಾಗದ.

ಹತ್ತನೆಯದು ಊರಂಚಿನಲ್ಲಿ, ಮಹಡಿಯ ಮೇಲಿನ ಎರಡು ಕೋಣೆ. ಕೆಳಗೆ ಮಾಲೀಕನೇ ಇರುತ್ತಿದ್ದ. ಹೆಂಡತಿ ತೀರಿಕೊಂಡ, ಉದ್ದ ಮೂಗಿನ ಮುದುಕ. ನೋಡಲು ಬಂದಿದ್ದ ನಮಗೆಲ್ಲ ಶೂ ಮೇಲೆ ಎಳೆದುಕೊಳ್ಳಲು ನೀಲಿ ಪ್ಲಾಸ್ಟಿಕ್ ಚೀಲ ಹಂಚಿದ. ಕಿಟಕಿ, ಗೋಡೆ ಯಾವುದನ್ನೂ ತೋರಿಸಲಿಲ್ಲ. ಮರದ ನೆಲದ ಮೇಲಿನ ಗೀರುಗಳನ್ನು ಮಾತ್ರ, ಸತ್ತವರ ಫೋಟೋ ತೋರಿಸುವ ಹಾಗೆ, ಒಂದೊಂದಾಗಿ ತೋರಿಸಿದ. ಹಿಂದಿನ ಬಾಡಿಗೆದಾರ ಬೂಟು ಹಾಕಿಕೊಂಡೇ ಓಡಾಡಿದ್ದನಂತೆ. ಅಡುಗೆಮನೆಯಲ್ಲಿ ಅವನು ಬಿಟ್ಟುಹೋದ ಒಲೆ, ಸಿಂಕು ಇದ್ದವು. ಅವನ್ನೂ ಕೀಳಿಸುತ್ತೇನೆ ಎಂದ ಮುದುಕ. ಇಲ್ಲಿ ಮನೆ ಎಂದರೆ ನಾಲ್ಕು ಗೋಡೆ ಅಷ್ಟೇ, ಒಲೆಯನ್ನು ನಾವೇ ಹೊತ್ತು ತರಬೇಕು. ಈ ಒಲೆಯ ಸುದ್ದಿಯನ್ನು ಆ ರಾತ್ರಿಯೇ ಹೆಂಡತಿಗೂ ಫೋನಿನಲ್ಲಿ ಹೇಳಿದೆ.

ಉಳಿದವರು ಕೆಳಗೆ ಮುದುಕನ ಕೋಣೆಯಲ್ಲಿ ಅರ್ಜಿ ತುಂಬುತ್ತಿದ್ದಾಗ ನಾನು ಗೋಡೆಯ ಮೇಲಿದ್ದ ಬೇಟೆಯ ಬಿಲ್ಲನ್ನು ನೋಡುತ್ತ ನಿಂತೆ. ವಿಜಾಪುರದ ಬಸ್ ಸ್ಟ್ಯಾಂಡಿನ ಎದುರು ಹಳೇ ಪುಸ್ತಕ ಕೊಂಡು ಮಾರಿ ಕಾಲೇಜು ಓದಿದವನು ನಾನು, ಗಿರಾಕಿಯ ಕಣ್ಣು ಎಲ್ಲಿ ಹೊಳೆಯುತ್ತದೆ ಎಂಬುದು ನನಗೆ ಗೊತ್ತು.

‘ಇದರಲ್ಲಿ ಏನು ಹೊಡೆದಿರಿ?’ ಎಂದೆ.

ಮುಕ್ಕಾಲು ಗಂಟೆ ಹೇಳಿದ. ಅಮೆರಿಕದಲ್ಲಿ ಒಂದು ವಸಂತ, ಕೋಳಿಗೆ ಕಾಣದಂತೆ ನೆಲದ ಮೇಲೆ ಹೊಂಚುಡೇರೆ ಹಾಕಿ, ನಸುಕಿನಿಂದ ಅಲುಗಾಡದೆ ಕೂತು, ಹೆಣ್ಣುಕೋಳಿಯ ದನಿ ಮಾಡಿ ಗಂಡು ಟರ್ಕಿಯನ್ನು ಕರೆದದ್ದು. ಅದು ಗರಿ ಬಿಚ್ಚಿ ಮದುಮಗನ ಹಾಗೆ ಬಂದದ್ದು. ಬಾಣ ಗುರಿತಪ್ಪಿ ಮರಕ್ಕೆ ನಾಟಿದ್ದು. ಜರ್ಮನಿಯಲ್ಲಿ ಬಿಲ್ಲಿನ ಬೇಟೆಗೆ ಕಾನೂನಿನ ಅಡ್ಡಿ. ಹಾಗಾಗಿ ಇವನ ಬಿಲ್ಲುಗಾರರ ಸಂಘ ಪ್ರತಿ ವಸಂತದಲ್ಲಿ ಸ್ಪಂಜಿನ ಟರ್ಕಿ ಮಾಡಿ ಪಂದ್ಯ ನಡೆಸುತ್ತಿತ್ತು. ಡೇರೆಯಲ್ಲಿ ಇಬ್ಬರು: ಒಬ್ಬ ಕೋಳಿಯನ್ನು ಕರೆಯುವವನು, ಒಬ್ಬ ಬಾಣ ಬಿಡುವವನು. ಎದುರಿಗೆ ದುರ್ಬೀನು ಹಿಡಿದ ತೀರ್ಪುಗಾರ. ಅವನೇ ಕೋಳಿಯ ಕಣ್ಣು. ಕರೆ ಚೆನ್ನಾಗಿದ್ದರೆ ಸನ್ನೆ ಮಾಡುತ್ತಾನೆ, ಪೊದೆಯ ಹಿಂದಿನಿಂದ ಸ್ಪಂಜಿನ ಕೋಳಿಯನ್ನು ಹಗ್ಗದಲ್ಲಿ ಎಳೆಯುತ್ತಾರೆ. ಮನುಷ್ಯರ ಸುಳಿವು ಕಂಡರೆ ಸೀಟಿ ಊದುತ್ತಾನೆ. ಕೋಳಿ ಓಡಿಹೋಯಿತು ಎಂದು ಲೆಕ್ಕ.

ಆರು ವಸಂತದಿಂದ ಮುದುಕ ಗೆದ್ದಿರಲಿಲ್ಲ. ಈ ಸಲ ಅವನ ಕರೆಯುವ ಜೊತೆಗಾರನಿಗೆ ಮೊಣಕಾಲಿನ ಆಪರೇಷನ್, ನೆಲಕ್ಕೆ ಕೂರುವಂತಿಲ್ಲ.

‘ನಾನು ಗಂಟೆಗಟ್ಟಲೆ ಚಕ್ಕಳಮಕ್ಕಳ ಕೂರಬಲ್ಲೆ’ ಎಂದೆ. ಮುದುಕ ನನ್ನ ಕಾಲುಗಳನ್ನು ಎತ್ತು ಕೊಳ್ಳುವವನ ಹಾಗೆ ನೋಡಿದ. ‘ಪಂದ್ಯ ಮುಗಿಯುವವರೆಗೆ ಮನೆ ಯಾರಿಗೂ ಕೊಡುವುದಿಲ್ಲ’ ಎಂದ. ಅಷ್ಟಾದರೆ ಸಾಕಿತ್ತು.

ಕರೆಯುವ ಸಾಧನ ಒಂದು ಮರದ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಸೀಮೆಸುಣ್ಣ ಬಳಿದು ಅಂಚಿಗೆ ಉಜ್ಜಿದರೆ ಎಣ್ಣೆ ಕಾಣದ ಬಾವಿಯ ಗಡಗಡಿಯಂತೆ ಕೀರಲು ದನಿ. ತತ್ತಿ ಕೂಡ ಒಳಗೆ ಬಾರದ ಮನೆತನದ ನಾನು ಎರಡು ವಾರ ಟರ್ಕಿ ಹೆಣ್ಣಾಗಿ ಅಭ್ಯಾಸ ಮಾಡಿದೆ.

‘ಲೇ, ಇಂಜಿನಿಯರ್ ಆಗಿ ಬಂದಿ, ಹ್ಯಾಟಿ ಕೋಳಿ ಆಗಿ ಹೊಂಟಿ ನೋಡು’ ಎಂದು ದೋಸ್ತ ಕಿವಿಗೆ ಹತ್ತಿ ತುರುಕಿಕೊಂಡ.

ಫೋನಿನಲ್ಲಿ ಹೆಂಡತಿಗೂ ಕೇಳಿಸಿತು. ‘ಏನ್ರೀ ಅದು ಸಪ್ಪಳ?’

‘ಹೆಣ್ಣ ಕೋಳಿ ದನಿ. ಮನಿ ಸಲುವಾಗಿ ಮಾಡಾಕತ್ತೀನಿ.’

‘ನಾ ಬರೂದ್ರಾಗ ಹೆಣ್ಣ ದನಿ ಬ್ಯಾರೆ ಬಂತೇನು? ಬರೂದಕ್ಕಂತ ಹೊಲಿಸಿದ್ದ ಜಂಪರೆಲ್ಲಾ ಬಿಗಿ ಆಗ್ಯಾವ. ಇನ್ನೊಂದಿಷ್ಟು ದಿನಾ ತಡಾ ಮಾಡ್ರಿ, ನನ್ನ ಗುರ್ತಾನ ಹತ್ತಂಗಿಲ್ಲ ನಿಮಗ.’ ನಕ್ಕಳು. ನಗು ಮಧ್ಯದಲ್ಲಿ ತುಂಡಾಯಿತು. ‘ಏನರ ಮಾಡ್ರಿ. ಈ ಸಲ ಆಗಲಿಲ್ಲಂದ್ರ ಮಂದಿಗೆ ಏನು ಹೇಳೂದು ನನಗ ತಿಳೀದು.’

ಪಂದ್ಯದ ಭಾನುವಾರ ಬಂತು. ಹಿಂದಿನ ದಿನದ ಮಳೆಗೆ ಕಾಡೆಲ್ಲ ಕೆಸರು. ರಿಯಾಯಿತಿಯಲ್ಲಿ ಕೊಂಡ ನನ್ನ ಹೊಸ ಬಿಳಿ ಶೂಗಳಿಗೂ ಅದು ಮೆತ್ತಿತ್ತು. ಮುದುಕ ಮೊದಲೇ ಡೇರೆಯೊಳಗೆ ಹೋಗಿ ಬಿಲ್ಲಿಗೆ ಹೆದೆಯೇರಿಸುತ್ತಿದ್ದ. ನಾನು ಬದಿಯ ಬಾಗಿಲಿನಿಂದ ನುಸುಳಿ, ಅವನ ಪಕ್ಕ ಕೂತು ಪೆಟ್ಟಿಗೆ ಉಜ್ಜಿದೆ. ಚೆನ್ನಾಗಿಯೇ ಉಜ್ಜಿದೆ. ಎಲ್ಲಿಂದಲೋ ನಿಜವಾದ ಹಕ್ಕಿಯೊಂದು ಮಾರುತ್ತರ ಕೊಟ್ಟಿತು. ಮುದುಕ ಉಸಿರು ಬಿಗಿಹಿಡಿದು ಬಾಣ ಹೂಡಿದ. ಪೊದೆ ಅಲ್ಲಾಡಿತು. ಕೋಳಿಯ ಕೊಕ್ಕು ಕಂಡಿತು.

ಸೀಟಿ ಕೂಗಿತು. ಕೊಕ್ಕು ಹಿಂದಕ್ಕೆ ಹೋಯಿತು.

ಮುದುಕ ನನ್ನನ್ನು ನೋಡಿದ. ‘ಅಲುಗಾಡಿದಿರಾ?’

‘ಇಲ್ಲ.’

ತೀರ್ಪುಗಾರ ಬಂದು ಡೇರೆಯ ಬಾಗಿಲ ಕಡೆ ಬೆರಳು ತೋರಿಸಿದ. ಹಸಿರು ಹುಲ್ಲಿನ ಮೇಲೆ, ಅಕ್ಕಪಕ್ಕ ಒಪ್ಪವಾಗಿ ಜೋಡಿಸಿ, ಗುಡಿಯ ಮುಂದೆ ಬಿಟ್ಟ ಹಾಗೆ ನನ್ನ ಬಿಳಿ ಶೂ. ಬಿಚ್ಚಿದ್ದು ನನಗೆ ನೆನಪೂ ಇರಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ ಕಾಲಿನಲ್ಲಿತ್ತು, ತಲೆಗೆ ಸುದ್ದಿಯೇ ಇಲ್ಲ. ತೀರ್ಪುಗಾರ ತನ್ನ ಹಾಳೆಯಲ್ಲಿ ‘ಶೂ, ಒಂದು ಜೊತೆ’ ಎಂದು ಬರೆದುಕೊಂಡ. ಹೊರಗೆ ಎಲ್ಲರೂ ನಕ್ಕರು. ಮುದುಕ ಒಬ್ಬನನ್ನು ಬಿಟ್ಟು.

ಅವನ ಕಾರಿನಲ್ಲೇ ವಾಪಸ್ ಹೊರಟೆವು. ನನ್ನ ಕಣ್ಣ ಮುಂದೆ ಬಿಗಿಯಾದ ಜಂಪರುಗಳು. ಅರ್ಧ ದಾರಿಗೆ ಅವನೇ ಕೇಳಿದ: ‘ಯಾಕೆ ಬಿಚ್ಚಿದಿರಿ?’

ಕಾಲು ಊದಿತ್ತು, ಕಲ್ಲು ಸಿಕ್ಕಿತ್ತು, ಏನೇನೋ ಸುಳ್ಳು ಬಾಯಿಗೆ ಬಂದವು. ಆದರೆ ಮಾಲು ಕೆಟ್ಟು ನಾರುತ್ತಿರುವಾಗ ತಾಜಾ ಎನ್ನಬಾರದು, ವ್ಯಾಪಾರದ ಮೊದಲ ಪಾಠ. ‘ನೀವು ಒಳಗೆ ಕಂಬಳಿ ಹಾಸಿದ್ದಿರಿ. ಕೂರುವ ಜಾಗ. ಕೆಸರು ಶೂ ಹಾಕಿಕೊಂಡು ಅದನ್ನು ತುಳಿಯುವುದು ಹೇಗೆ?’

‘ಮನೆಯಲ್ಲೂ ಹೀಗೇನಾ?’

‘ಮನೆಯಲ್ಲಿ ಇನ್ನೂ ಜಾಸ್ತಿ.’

‘ನಿಮ್ಮ ಹೆಂಡತಿ?’

‘ಅವಳು ಬಂದರೆ ನೀವೂ ಶೂ ಬಿಚ್ಚಬೇಕಾಗುತ್ತದೆ.’

ಮನೆ ಮುಟ್ಟಿದ ಮೇಲೆ ಮುದುಕ ಒಳಗೆ ಹೋಗಿ ಕರಾರುಪತ್ರ ತಂದು ಮೇಜಿನ ಮೇಲಿಟ್ಟ. ‘ಏಳನೇ ವಸಂತವೂ ಹೋಯಿತು. ಇರಲಿ, ನೆಲವಾದರೂ ಉಳಿಯುತ್ತದೆ’ ಎಂದು ಸಹಿ ಹಾಕಿದ.

ಸಂತೋಷವಾದಾಗ ಮುಖ ಸಣ್ಣದು ಮಾಡಬೇಕು, ಇದನ್ನೂ ಬರೆದಿಟ್ಟುಕೊಳ್ಳಿ. ನಾನು ನಿಟ್ಟುಸಿರು ಬಿಟ್ಟು, ಶಾಯಿ ಆರುವ ಮೊದಲೇ ಕೇಳಿದೆ: ‘ಆ ಒಲೆ, ಸಿಂಕು ಕಿತ್ತರೆ ಅವುಗಳ ಕೆಳಗಿನ ನೆಲಕ್ಕೂ ಗೀರು ಬೀಳುತ್ತದಲ್ಲವೇ?’

ಮುದುಕ ಕಣ್ಣು ಕಿರಿದು ಮಾಡಿದ. ಮೊದಲ ಸಲ ನಕ್ಕ. ‘ಇರಲಿ ಬಿಡಿ. ಆದರೆ ಆ ಪೆಟ್ಟಿಗೆ ವಾಪಸ್ ಕೊಡಿ. ನಿಮ್ಮ ಕೆಳಗೆ ಮಲಗುವವನು ನಾನು.’

ಅಲ್ಲಿಂದ ನೇರ ಟೆಲಿಫೋನ್ ಬೂತಿಗೆ ಓಡಿದೆ.

‘ಕೋಳಿ ಬಿತ್ತೇನ್ರಿ?’ ಎಂದಳು.

‘ಇಲ್ಲ. ಮನಿ ಸಿಕ್ತು.’

ಆ ಕಡೆ ಮೂಗು ಏರಿಸಿದ್ದು ಕೇಳಿಸಿತು. ಆಮೇಲೆ ದನಿ ಬಂತು:

‘ಆ ಒಲಿ ಅಲ್ಲೇ ಬಿಡಂತ ಕೇಳಿದ್ರಿಲ್ಲೋ?’